ಅಕ್ಟೋಬರ್ 2ಕ್ಕೆ ಘೋಸ್ಟ್ ಆಫ್ ಯೋತೇ: ನಿಮಗೆ ಎಷ್ಟು ನಂಬಿಕೆ, ಎಷ್ಟು ಅನುಮಾನ?

(2025ರಲ್ಲಿ, ಈ ವಿಡಿಯೋ ಗೇಮ್ ಬರುವ ಮುಂಚೆ ನಡೆದ ಮಾತುಕತೆ. ಪ್ರತಿ ಮಾತಿನ ಮೇಲಿರುವುದು ಹೇಳಿದವರ ಅಡ್ಡಹೆಸರು.)

ಕೂರ್ಮಗಡ (ಕಾರವಾರ)

ಇನ್ನು ಕೆಲವೇ ವಾರ ಬಾಕಿ. 2025ರ ಅಕ್ಟೋಬರ್ 2ಕ್ಕೆ ಸೋನಿಯ ಗೇಮ್ ಯಂತ್ರ ಪಿಎಸ್5ಗೆ ಘೋಸ್ಟ್ ಆಫ್ ಯೋತೇ ಬರುತ್ತದೆ. 2020ರ ಜುಲೈನಲ್ಲಿ ಬಂದ ಘೋಸ್ಟ್ ಆಫ್ ತ್ಸುಶಿಮಾದ ಮುಂದಿನ ಆಟ ಇದು. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ತ್ಸುಶಿಮಾ ಆಡಿ ಮುಗಿಸಿದವರು ಸುಮಾರು ಜನ ಇದ್ದೀರಿ. ಬಿಡುಗಡೆಗೆ ಮುಂಚೆ ಒಂದು ಸಲ ಮನಸ್ಸು ಬಿಚ್ಚಿ ಮಾತಾಡೋಣ. ತ್ಸುಶಿಮಾದ ಕೊನೆ ಮಾತ್ರ ಯಾರೂ ಹೇಳಬೇಡಿ, ಈಗಷ್ಟೇ ಶುರು ಮಾಡಿದವರೂ ಇದ್ದಾರೆ.

ಹೊಸಬರಿಗೆ ಎರಡು ಮಾತು. ತ್ಸುಶಿಮಾ ಕಥೆ 1274ರದ್ದು. ಮಂಗೋಲರ ದಂಡು ಜಪಾನಿನ ತ್ಸುಶಿಮಾ ದ್ವೀಪಕ್ಕೆ ಬಂದಿಳಿಯುತ್ತದೆ. ಜಿನ್ ಸಕಾಯ್ ಎಂಬ ಸಮುರಾಯ್ ತನ್ನ ಕುಲದ ನೀತಿ ಮುರಿದು, ಹೊಂಚು ಹಾಕಿ ಹೊಡೆಯುವುದನ್ನು ಕಲಿಯುತ್ತಾನೆ. ಯೋತೇ ಅಲ್ಲಿಂದ ಮುನ್ನೂರು ವರ್ಷಕ್ಕೂ ಮುಂದೆ, 1603ರಲ್ಲಿ ನಡೆಯುತ್ತದೆ. ಜಾಗ ಎಝೋ, ಅಂದರೆ ಈಗಿನ ಹೊಕ್ಕೈಡೋ. ನಾಯಕಿ ಅತ್ಸು. ಆರು ಜನರ ಗುಂಪು ಅವಳ ಮನೆಯವರನ್ನು ಕೊಂದು, ಅವಳನ್ನು ಉರಿಯುವ ಗಿಂಕ್ಗೋ ಮರಕ್ಕೆ ಕತ್ತಿಯಿಂದ ಚುಚ್ಚಿ ಬಿಟ್ಟು ಹೋಗಿರುತ್ತದೆ. ಹದಿನಾರು ವರ್ಷದ ಮೇಲೆ ಅವಳು ವಾಪಸ್ ಬರುತ್ತಾಳೆ. ಆ ಆರು ಹೆಸರು ಅವಳ ಸೊಂಟದ ಪಟ್ಟಿಯ ಮೇಲೆ ಇದೆ.

ನನಗೆ ನಂಬಿಕೆ ಇರುವುದು ಗಾಳಿಯ ಮೇಲೆ. ತ್ಸುಶಿಮಾದಲ್ಲಿ ಪರದೆಯ ಮೂಲೆಯಲ್ಲಿ ಪುಟ್ಟ ನಕಾಶೆ ಇರಲಿಲ್ಲ, ಬಾಣದ ಗುರುತೂ ಇರಲಿಲ್ಲ. ಕೈಯಲ್ಲಿ ಹಿಡಿಯುವ ಕಂಟ್ರೋಲರಿನ ಟಚ್‌ಪ್ಯಾಡ್ ಮೇಲೆ ಬೆರಳನ್ನು ಮೇಲಕ್ಕೆ ಎಳೆದರೆ ಗಾಳಿ ಏಳುತ್ತಿತ್ತು. ಬಿಳಿ ಹುಲ್ಲು ಒಂದೇ ಕಡೆಗೆ ಬಾಗುತ್ತಿತ್ತು, ಎಲೆಗಳು ಆ ಕಡೆಗೇ ಹಾರುತ್ತಿದ್ದವು. ನಾವು ಕುದುರೆ ತಿರುಗಿಸಿಕೊಂಡು ಹಿಂದೆ ಹೋಗುತ್ತಿದ್ದೆವು. ಹಾಗಾಗಿ ಕಣ್ಣು ಸದಾ ನೆಲದ ಮೇಲೆ, ಮರದ ಮೇಲೆ, ಆಕಾಶದ ಮೇಲೆ ಇರುತ್ತಿತ್ತು. ದೊಡ್ಡ ಬಯಲಿನ (ಓಪನ್ ವರ್ಲ್ಡ್) ಆಟಗಳಲ್ಲಿ ಜಾಗವನ್ನು ಇಷ್ಟು ಗಮನವಿಟ್ಟು ನೋಡುವ ಹಾಗೆ ಮಾಡಿದ್ದು ಇದೊಂದೇ ಅಂತ ನನಗೆ ಅನ್ನಿಸುತ್ತದೆ. ಅದನ್ನು ಮಾಡಿದ ಸಕ್ಕರ್ ಪಂಚ್ ಸ್ಟುಡಿಯೋನೇ ಇದನ್ನೂ ಮಾಡುತ್ತಿದೆ.

ಅನುಮಾನ ಒಂದೇ, ಆದರೆ ದೊಡ್ಡದು. ಎಝೋ ಯಾರೂ ಇಲ್ಲದ ಕಾಡಾಗಿರಲಿಲ್ಲ. ಅದು ಅಲ್ಲಿನ ಮೂಲನಿವಾಸಿಗಳಾದ ಐನು ಜನರ ನೆಲ. ಆರು ಶತ್ರುಗಳ ಬೆನ್ನು ಹತ್ತುವ ಗಡಿಬಿಡಿಯಲ್ಲಿ ಆ ನೆಲದ ಜನಕ್ಕೆ ಎಷ್ಟು ಜಾಗ ಸಿಗುತ್ತದೆ? ನನ್ನ ಮಟ್ಟಿಗೆ ಆಟ ಗೆಲ್ಲುವುದು ಸೋಲುವುದು ಇದರ ಮೇಲೆ.

ಬೈತಖೋಲ್ ಬಂದರು

ಅಣ್ಣಾ, ನೀವು ಗಾಳಿ ಅಂದಿರಿ, ನಾನು ಕತ್ತಿ ಅನ್ನುತ್ತೇನೆ. ತ್ಸುಶಿಮಾದ ಎದುರಾಟ ನೆನಪಿದೆಯಾ? ಶತ್ರುಗಳನ್ನು ಕೂಗಿ ಕರೆದು ನಿಲ್ಲಿಸುವುದು. ತ್ರಿಕೋನದ ಗುಂಡಿ ಒತ್ತಿ ಹಿಡಿಯಬೇಕು. ಎದುರಿನವ ಭುಜ ಅಲುಗಿಸುತ್ತಾನೆ, ಹೆಜ್ಜೆ ಇಟ್ಟ ಹಾಗೆ ಮಾಡಿ ನಿಂತುಬಿಡುತ್ತಾನೆ. ಆಗ ಬೆರಳು ಎತ್ತಿದರೆ ಏಟು ನಿಮಗೇ. ಅವನು ನಿಜವಾಗಿ ನುಗ್ಗಿದ ಕ್ಷಣಕ್ಕೆ ಬಿಟ್ಟರೆ ಒಂದೇ ಬೀಸು, ಮುಗಿಯಿತು. ಬಡಗುತಿಟ್ಟಿನ ಯಕ್ಷಗಾನದಲ್ಲಿ ಎರಡು ವೇಷ ಎದುರುಬದುರು ನಿಂತು ಚಂಡೆ ಏರುವಾಗ ರಂಗದ ಮುಂದೆ ಕೂತವರು ಉಸಿರು ಹಿಡಿಯುತ್ತಾರಲ್ಲ, ಅದೇ ಬಿಗಿ.

ಆಗ ಕತ್ತಿ ಹಿಡಿದು ನಿಲ್ಲುವ ನಾಲ್ಕು ನಿಲುವುಗಳಿದ್ದವು. ಕತ್ತಿಯವನಿಗೆ ಕಲ್ಲು, ಗುರಾಣಿಯವನಿಗೆ ನೀರು, ಈಟಿಯವನಿಗೆ ಗಾಳಿ, ದಾಂಡಿಗರಿಗೆ ಚಂದ್ರ. ಈ ಸಲ ನಿಲುವಿನ ಬದಲು ಆಯುಧವೇ ಬದಲಾಗುತ್ತದೆ. ಜೋಡಿ ಕತ್ತಿ, ಈಟಿ, ಓಡಾಚಿ ಎಂಬ ಭಾರೀ ಕತ್ತಿ, ಸರಪಳಿ ಕಟ್ಟಿದ ಕುಡುಗೋಲು. ಜುಲೈನಲ್ಲಿ ತೋರಿಸಿದ ವಿಡಿಯೋದಲ್ಲಿ ಕೈಯಿಂದ ಆಯುಧ ಜಾರಿ ಬೀಳುವುದನ್ನೂ ನೋಡಿದೆ. ಜಿನ್ ಕತ್ತಿ ಬಿಟ್ಟು ಬೇರೆ ಹಿಡಿಯುವ ಹಾಗಿರಲಿಲ್ಲ, ಅವನು ಸಮುರಾಯ್. ಅತ್ಸುಗೆ ಆ ಕಟ್ಟುಪಾಡು ಇಲ್ಲ. ಇದು ಕಥೆಗೂ ಸರಿಹೊಂದುತ್ತದೆ, ಆಟಕ್ಕೂ ಒಳ್ಳೆಯದು. ನನಗೆ ಅನುಮಾನವೇ ಇಲ್ಲ ಮಾರಾಯ್ರೇ.

ಘಟ್ಟದ ಮೇಲೆ (ಶಿರಸಿ)

ತಮಾ, ಅನುಮಾನ ಇಲ್ಲದೆ ಇರುವುದು ಹೇಗೆ? ತ್ಸುಶಿಮಾದ ಅರ್ಧ ದಾಟಿದ ಮೇಲೆ ಏನಾಯಿತು ಅಂತ ನೆನಪು ಮಾಡಿಕೋ. ನರಿಯ ಹಿಂದೆ ಓಡು, ಇನಾರಿ ದೇವರ ಗುಡಿಗೆ ಕೈಮುಗಿ. ಇಂಥ ಗುಡಿಗಳು 49. ಮೊದಲ ಐದಾರಕ್ಕೆ ಮನಸ್ಸು ಅರಳಿತು. ಆಮೇಲೆ ನರಿ ಕಂಡರೆ ಲೆಕ್ಕ ಹಾಕುವ ಹಾಗಾಯಿತು. ಉಪಕಥೆಗಳೂ ಹಾಗೇ. ಯಾರೋ ಅಳುತ್ತಾರೆ, ನೆಲದ ಮೇಲೆ ಹೆಜ್ಜೆ ಗುರುತು ಇರುತ್ತದೆ, ಹಿಡಿದು ಹೋಗಬೇಕು, ಕೊನೆಗೆ ನಾಲ್ಕು ಮಂಗೋಲರು.

ದೊಡ್ಡ ಬಯಲಿನ ಆಟಗಳಲ್ಲಿ ಒಂದೇ ಕೆಲಸ ಮತ್ತೆ ಮತ್ತೆ ಬರುತ್ತದೆ, ಅದನ್ನು ಈ ಸಲ ಕಡಿಮೆ ಮಾಡುತ್ತೇವೆ ಅಂತ ಸ್ಟುಡಿಯೋದವರೇ ಹೇಳಿದ್ದಾರೆ. ಆರು ಜನರಲ್ಲಿ ಯಾರ ಸುಳಿವು ಮೊದಲು ಹಿಡಿಯಬೇಕು ಅನ್ನುವುದೂ ನಮ್ಮ ಇಷ್ಟ. ದುರ್ಬೀನಿನಲ್ಲಿ ದೂರದ ಜಾಗ ಹುಡುಕಬಹುದು, ಎಲ್ಲೆಂದರಲ್ಲಿ ಬೆಂಕಿ ಹಾಕಿ ರಾತ್ರಿ ಕಳೆಯಬಹುದು. ಕೇಳಲು ಚೆನ್ನಾಗಿದೆ. ಆದರೆ ಒಂದು ಸುಳಿವು ಸಿಕ್ಕಾಗ ನನಗೆ ನಿಜವಾಗಿ ಕುತೂಹಲ ಹುಟ್ಟಬೇಕು, ನಕಾಶೆಯ ಮೇಲೆ ಇನ್ನೊಂದು ಚಿಹ್ನೆ ಅಳಿಸಿದೆ ಅಂತ ಅನ್ನಿಸಬಾರದು. ಆ ವ್ಯತ್ಯಾಸ ವಿಡಿಯೋ ನೋಡಿ ತಿಳಿಯುವುದಿಲ್ಲ. ಮೂವತ್ತು ತಾಸು ಆಡಿದ ಮೇಲೇ ತಿಳಿಯುವುದು.

ಹೊನ್ನಾವರ ಮೇಷ್ಟ್ರು

ಇತಿಹಾಸದ ಮಾತು ಬಂದದ್ದಕ್ಕೆ ನಾನೂ ಸೇರಿಕೊಳ್ಳುತ್ತೇನೆ. ಮನೆಯಲ್ಲಿ ಮಗ ಆಡುತ್ತಾನೆ, ನಾನು ಪಕ್ಕದಲ್ಲಿ ಕೂತು ನೋಡುತ್ತೇನೆ.

ತ್ಸುಶಿಮಾ ಇತಿಹಾಸವನ್ನು ತನಗೆ ಬೇಕಾದಷ್ಟೇ ಇಟ್ಟುಕೊಂಡಿತ್ತು. ನಿಜವಾದ 1274ರಲ್ಲಿ ಕೊಮೊಡಾ ದಂಡೆಯಲ್ಲಿ ಸೋ ಸುಕೆಕುನಿ ಎಂಬ ಸರದಾರ ಸುಮಾರು 80 ಸವಾರರ ಜೊತೆ ಮಂಗೋಲರ ದೊಡ್ಡ ದಂಡಿಗೆ ಎದುರು ನಿಂತು ಸತ್ತ. ದ್ವೀಪ ಬೇಗನೇ ಕೈಬಿಟ್ಟು ಹೋಯಿತು. ಜಿನ್ ಕಲ್ಪನೆಯವನು, ಆಟದ ಮಂಗೋಲ್ ನಾಯಕ ಖೋತುನ್ ಖಾನ್ ಕೂಡ ಕಲ್ಪನೆಯೇ. ಜಿನ್ ಸೊಂಟದ ಕತ್ತಿಯ ಆಕಾರ, ಅವನ ಕವಚ, ಅವನು ಕಟ್ಟುವ ಹೈಕು, ಎಲ್ಲವೂ ಆಮೇಲಿನ ಕಾಲದವು. ಇದಕ್ಕೆ ನನ್ನ ತಕರಾರಿಲ್ಲ. ದಂಡೆಯ ಮೇಲೆ ಬೆರಳೆಣಿಕೆಯ ಜನ ನಿಂತ ಆ ಮೊದಲ ದೃಶ್ಯದಲ್ಲಿ ನಿಜದ ಭಾರ ಇತ್ತು. ಅಷ್ಟು ಸಾಕು.

1603 ಅದಕ್ಕಿಂತ ಕಷ್ಟದ ವರ್ಷ. 1600ರಲ್ಲಿ ಜಪಾನಿನ ಅಧಿಕಾರ ಯಾರಿಗೆ ಅಂತ ತೀರ್ಮಾನಿಸಿದ ಸೆಕಿಗಹಾರ ಯುದ್ಧ ಮುಗಿದಿದೆ. 1603ರಲ್ಲಿ ತೊಕುಗಾವಾ ಇಯೆಯಾಸು ಶೋಗನ್, ಅಂದರೆ ಜಪಾನನ್ನು ಆಳುವ ಸೇನಾಧಿಪತಿ, ಆದ. ಎಝೋದಲ್ಲಿ ಮಾತ್ಸುಮಾಯೆ ಮನೆತನದ ಹಿಡಿತ ಇದ್ದದ್ದು ದಕ್ಷಿಣದ ತುದಿಯಲ್ಲಿ ಮಾತ್ರ. 1604ರಲ್ಲಿ ಐನುಗಳ ಜೊತೆ ವ್ಯಾಪಾರ ಮಾಡುವ ಹಕ್ಕನ್ನು ಶೋಗನ್ ಆ ಮನೆತನಕ್ಕೇ ಬರೆದುಕೊಟ್ಟ. ಐನುಗಳು ಸಾಲ್ಮನ್ ಮೀನು, ತುಪ್ಪಳ, ಹದ್ದಿನ ಗರಿ ಕೊಟ್ಟು ಅಕ್ಕಿ, ಸಾಕೆ ಮದ್ಯ, ಕಬ್ಬಿಣದ ಸಾಮಾನು ಕೊಳ್ಳುತ್ತಿದ್ದರು. ಕೊಳ್ಳುವವನು ಒಬ್ಬನೇ ಆದ ಮೇಲೆ ಬೆಲೆ ಯಾರ ಕಡೆ ವಾಲುತ್ತದೆ ಅಂತ ಮೀನು ಮಾರಿದವರಿಗೆ ಹೇಳಬೇಕಾಗಿಲ್ಲ. 1669ರಲ್ಲಿ ಶಾಕುಶೈನ್ ಎಂಬ ಐನು ಮುಖಂಡ ದಂಗೆ ಎದ್ದ. ಸಂಧಿಯ ಊಟಕ್ಕೆ ಕರೆದು ಅವನನ್ನು ಕೊಂದರು.

ಅಂದರೆ ಅತ್ಸುವಿನ ಕಥೆ ನಡೆಯುವುದು ಈ ಅನ್ಯಾಯಕ್ಕೆ ಬೀಗಮುದ್ರೆ ಬೀಳುವ ಒಂದು ವರ್ಷ ಮುಂಚೆ. ಯೋತೇ ಬೆಟ್ಟ, ಎತ್ತರ 1,898 ಮೀಟರ್, ಆಗ ಪೂರ್ತಿ ಐನುಗಳ ಕಡೆಗಿತ್ತು. ಇಷ್ಟು ಒಳ್ಳೆಯ ವರ್ಷ ಆರಿಸಿಕೊಂಡು ಬರೀ ಸೇಡಿನ ಕಥೆ ಹೇಳಿದರೆ ನನಗೆ ಬೇಸರವಾಗುತ್ತದೆ.

ಇನ್ನೊಂದು ಮಾತು. ಅದೇ 1603ರಲ್ಲಿ ನಮ್ಮಲ್ಲಿ ಗೇರುಸೊಪ್ಪೆಯ ಗದ್ದುಗೆಯ ಮೇಲೆ ರಾಣಿ ಚೆನ್ನಭೈರಾದೇವಿ ಇದ್ದಳು. 1552ರಿಂದ 1606ರವರೆಗೆ ಅವಳ ಆಳ್ವಿಕೆ. ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಅಂತ ಕರೆದರು. ಹೆಣ್ಣೊಬ್ಬಳು ಆ ಕಾಲದಲ್ಲಿ ಕತ್ತಿ ಹಿಡಿದು ತಿರುಗುವುದು ಉಂಟೇ ಅಂತ ಕೇಳುವ ಹುಡುಗರನ್ನು ಒಮ್ಮೆ ಮಿರ್ಜಾನ್ ಕೋಟೆಗೆ ಕರೆದುಕೊಂಡು ಹೋಗಬೇಕು.

ಬೈತಖೋಲ್ ಬಂದರು

ಮೇಷ್ಟ್ರೇ, ಟ್ರೇಲರಿನಲ್ಲಿ ಬಂದೂಕೂ ಇದೆ. ಅದು ಆ ಕಾಲಕ್ಕೆ ಸರಿಯಾ?

ಹೊನ್ನಾವರ ಮೇಷ್ಟ್ರು

ಪೂರ್ತಿ ಸರಿ. ಬತ್ತಿ ಕಿಡಿಯ ಬಂದೂಕು ಜಪಾನಿಗೆ 1543ರಲ್ಲಿ ತನೆಗಾಶಿಮಾ ದ್ವೀಪಕ್ಕೆ ಪೋರ್ಚುಗೀಸರ ಜೊತೆ ಬಂತು. ಅಲ್ಲಿನ ಕಮ್ಮಾರರು ಬೇಗ ಕಲಿತು ತಾವೇ ಮಾಡತೊಡಗಿದರು. 1575ರ ನಾಗಶಿನೋ ಯುದ್ಧದ ಹೊತ್ತಿಗೆ ಅದು ದೊಡ್ಡ ಪ್ರಮಾಣದಲ್ಲಿ ಬಳಕೆಗೆ ಬಂದಿತ್ತು. ಇದೇ ಪೋರ್ಚುಗೀಸರು ಕಾರವಾರದ ಎದುರಿನ ಅಂಜುದೀವ್ ದ್ವೀಪದಲ್ಲಿ 1505ರಲ್ಲೇ ಕೋಟೆ ಕಟ್ಟಿದ್ದರು. ಗೋವಾದಿಂದ ಮಲಾಕ್ಕಾ, ಅಲ್ಲಿಂದ ಮುಂದೆ ಜಪಾನ್, ಹೀಗೆ ಅವರ ಹಡಗಿನ ದಾರಿ. ನಮ್ಮ ದಂಡೆಗೂ ಆ ಆಟದ ಲೋಕಕ್ಕೂ ನಡುವೆ ಸಮುದ್ರ ಒಂದೇ.

ಅಂಕೋಲೆಯವಳು

ಕೂರ್ಮಗಡ ಅಣ್ಣ ಎತ್ತಿದ ಪ್ರಶ್ನೆಗೆ ಬರುತ್ತೇನೆ. ನನಗೂ ಅದೇ ಚಿಂತೆ.

ಹಾಲಕ್ಕಿ ಬುಡಕಟ್ಟಿನ ಅಜ್ಜಿಯರ ಕರಿಮಣಿ ಸರದ ಫೋಟೋ ನಮ್ಮ ಜಿಲ್ಲೆಯ ಎಷ್ಟು ಪ್ರವಾಸಿ ಪೋಸ್ಟರುಗಳಲ್ಲಿ ಬಂದಿಲ್ಲ ಹೇಳಿ? ಸರ ಕಾಣುತ್ತದೆ, ಸೀರೆ ಕಟ್ಟಿದ ರೀತಿ ಕಾಣುತ್ತದೆ. ಹಾಡು ಕೇಳಿಸುವುದಿಲ್ಲ. ಬಡಗೇರಿಯ ಸುಕ್ರಿ ಬೊಮ್ಮಗೌಡ ಅಜ್ಜಿ 2025ರ ಫೆಬ್ರವರಿಯಲ್ಲಿ ತೀರಿಕೊಂಡರು. 2017ರಲ್ಲಿ ಪದ್ಮಶ್ರೀ ಬಂದಿತ್ತು. ಅವರು ಬಾಯಲ್ಲೇ ಉಳಿಸಿಕೊಂಡ ಹಾಡುಗಳು ಎಷ್ಟೋ. ಸಾರಾಯಿಯ ವಿರುದ್ಧ ಅವರು ನಡೆಸಿದ ಹೋರಾಟ ಯಾವ ಪೋಸ್ಟರಿನಲ್ಲೂ ಇರುವುದಿಲ್ಲ. ಒಂದು ಜನಾಂಗವನ್ನು ಅಲಂಕಾರವಾಗಿ ಇಡುವುದು ಸುಲಭ. ಅವರ ಸಿಟ್ಟು, ಅವರ ಜಗಳ, ಅವರ ನಗು ಇಡುವುದು ಕಷ್ಟ.

ಐನುಗಳದ್ದೂ ಹಾಗೇ. ಯುಕರ್ ಅಂತ ಅವರ ಉದ್ದುದ್ದ ಕಾವ್ಯಗಳಿವೆ, ಬಾಯಿಂದ ಬಾಯಿಗೆ ಬಂದವು. ಅವರ ಮಾತು ಇವತ್ತು ಅಳಿವಿನ ಅಂಚಿನಲ್ಲಿದೆ. ಅವರು ಮೂಲನಿವಾಸಿಗಳು ಅಂತ ಜಪಾನ್ ಕಾನೂನಿನಲ್ಲಿ ಬರೆದದ್ದು 2019ರಲ್ಲಿ. ಶಿರಾವೋಯ್ ಊರಿನಲ್ಲಿ ಐನುಗಳ ರಾಷ್ಟ್ರೀಯ ಮ್ಯೂಸಿಯಂ ಉಪೋಪೋಯ್ ತೆರೆದದ್ದು 2020ರ ಜುಲೈ 12ಕ್ಕೆ. ತ್ಸುಶಿಮಾ ಬಿಡುಗಡೆಯಾದದ್ದು ಅದೇ ಜುಲೈ 17ಕ್ಕೆ. ಇಷ್ಟು ಇತ್ತೀಚಿನ ಸಂಗತಿ ಇದು.

ಸ್ಟುಡಿಯೋದವರು ಹೊಕ್ಕೈಡೋಗೆ ಹೋಗಿ ಬಂದಿದ್ದಾರೆ, ಐನು ಸಂಸ್ಕೃತಿ ಬಲ್ಲವರ ಸಲಹೆ ಪಡೆದಿದ್ದಾರೆ. ಅದು ಒಳ್ಳೆಯದೇ. ನಾನು ಆಟದಲ್ಲಿ ನೋಡುವುದು ಇಷ್ಟು. ಐನು ಊರಿಗೆ ಅತ್ಸು ಹೋದಾಗ ಆ ಊರಿನವರಿಗೆ ಅವಳಿಂದ ಏನಾದರೂ ಬೇಕಾಗಿರುತ್ತದಾ, ಅಥವಾ ಅವಳಿಗೆ ಬಟ್ಟೆಯನ್ನೋ ಬಿಲ್ಲನ್ನೋ ಕೊಟ್ಟು ಕಳಿಸುವುದಷ್ಟೇ ಅವರ ಕೆಲಸವಾ? ಅವಳಿಗೆ ಬೇಡ ಅನ್ನುವ ಐನು ಒಬ್ಬರಾದರೂ ಇದ್ದಾರಾ? ಇದ್ದರೆ ನಾನು ಎರಡು ಸಲ ಆಡುತ್ತೇನೆ.

ಯಲ್ಲಾಪುರ ರಸ್ತೆ

ಅಂಕೋಲೆಯವರ ಮಾತಿಗೆ ನನ್ನದೊಂದು ಸೇರಿಸಿ.

2025ರ ಮಾರ್ಚ್‌ನಲ್ಲಿ ಅಸಾಸಿನ್ಸ್ ಕ್ರೀಡ್ ಶ್ಯಾಡೋಸ್ ಎಂಬ ಆಟ ಬಂತು. ಅದೂ ಜಪಾನಿನದೇ, 1579ರಿಂದ ಶುರು. ಅದರಲ್ಲಿ ಯಾಸುಕೆ ಇದ್ದಾನೆ ಅಂತ ಎಷ್ಟು ಗಲಾಟೆ ಆಯಿತು ನೋಡಿದಿರಲ್ಲ. ಆದರೆ ಯಾಸುಕೆ ನಿಜವಾಗಿ ಇದ್ದ ಮನುಷ್ಯ. ಆಫ್ರಿಕಾ ಮೂಲದವನು. ವಲಿಗ್ನಾನೋ ಎಂಬ ಪಾದ್ರಿಯ ಜೊತೆ ಜಪಾನಿಗೆ ಬಂದು, 1581ರಲ್ಲಿ ಓಡಾ ನೊಬುನಾಗಾ ಎಂಬ ದೊಡ್ಡ ಸರದಾರನ ಬಳಿ ಸೇರಿದ. ಆ ಪಾದ್ರಿ ಮೊದಲು ಬಂದಿಳಿದದ್ದು ಗೋವಾಕ್ಕೆ. ಅದೇ ಪೋರ್ಚುಗೀಸರ ಹಡಗುಗಳಲ್ಲಿ ಆಫ್ರಿಕಾದಿಂದ ಬಂದವರ ಮಕ್ಕಳು ಮೊಮ್ಮಕ್ಕಳು ನಮ್ಮ ಯಲ್ಲಾಪುರ, ಹಳಿಯಾಳ, ಅಂಕೋಲೆಯ ಕಾಡಿನ ಅಂಚಿನಲ್ಲಿ ಕನ್ನಡ, ಕೊಂಕಣಿ ಮಾತಾಡಿಕೊಂಡು ಇದ್ದಾರೆ. 2003ರಲ್ಲಿ ಇಲ್ಲಿನ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದರು. ಇಂಥವರು ಅಲ್ಲಿ ಹೇಗಿದ್ದರು ಅಂತ ಕೇಳುವವರು ಯಲ್ಲಾಪುರದ ಸಂತೆಗೆ ಒಂದು ಸಲ ಬರಲಿ.

ಈಗ ಆ ಗಲಾಟೆ ಮಾಡಿದ ಜನವೇ ಅತ್ಸುವಿನ ಮೇಲೆ ಬಿದ್ದಿದ್ದಾರೆ. ಅವಳ ದನಿ ಕೊಟ್ಟ ಎರಿಕಾ ಇಶಿಯನ್ನು ಹೀನಾಯವಾಗಿ ಬೈದರು, ಆಟವನ್ನು ಒಬ್ಬರೂ ಮುಟ್ಟುವ ಮುಂಚೆಯೇ. ಅನುಮಾನ ಪಡುವುದು ಬೇರೆ, ಇದು ಬೇರೆ. ಕಥೆ ಚೆನ್ನಾಗಿಲ್ಲ ಅಂತ ಆಡಿ ನೋಡಿ ಹೇಳಿದರೆ ಕೇಳೋಣ. ಅತ್ಸು ಹೆಣ್ಣು ಅನ್ನುವುದೇ ದೂರಾದರೆ ಅದಕ್ಕೆ ನಾನು ಕಿವಿ ಕೊಡುವುದಿಲ್ಲ.

ಕುಮಟಾ ಪೇಟೆ

ಎಲ್ಲರೂ ದೊಡ್ಡ ದೊಡ್ಡ ವಿಷಯ ಮಾತಾಡುತ್ತಿದ್ದೀರಿ, ನನ್ನದು ದುಡ್ಡಿನ ಚಿಂತೆ. ಸೋನಿಯ ಹೊಸ ಆಟ ಅಂದರೆ ಐದು ಸಾವಿರದ ಹತ್ತಿರ. ನಾನಿನ್ನೂ ಓದುತ್ತಿದ್ದೇನೆ. ಪಿಎಸ್5 ಕೂಡ ಇಲ್ಲ, ಕಂಪ್ಯೂಟರ್ ಮಾತ್ರ ಇದೆ. ಕಾಯಬಹುದಾ?

ಘಟ್ಟದ ಮೇಲೆ (ಶಿರಸಿ)

ಕಾಯಬಹುದು, ಆದರೆ ಗಡಿಯಾರ ನೋಡಬೇಡ. ತ್ಸುಶಿಮಾ 2020ರ ಜುಲೈನಲ್ಲಿ ಬಂತು, ಕಂಪ್ಯೂಟರಿಗೆ ಬಂದದ್ದು 2024ರ ಮೇ ತಿಂಗಳಲ್ಲಿ. ಹೆಚ್ಚುಕಡಿಮೆ ನಾಲ್ಕು ವರ್ಷ. ಯೋತೇ ಕಂಪ್ಯೂಟರಿಗೆ ಬರುತ್ತದೆ ಅಂತ ಸೋನಿ ಹೇಳಿಯೂ ಇಲ್ಲ. ಸದ್ಯಕ್ಕೆ ತ್ಸುಶಿಮಾವನ್ನೇ ರಿಯಾಯಿತಿ ಬಂದಾಗ ತಗೋ. 75 ಜಿಬಿ ಜಾಗ ಬೇಕು. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಕಣ್ಣುಮುಚ್ಚಾಲೆ ಆಡುತ್ತದೆ, ಡೌನ್‌ಲೋಡನ್ನು ರಾತ್ರಿ ಹಾಕಿ ಮಲಗು. ಯುಪಿಎಸ್ ಇಲ್ಲದೆ ಮಾತ್ರ ಆಡಬೇಡ.

ಗೋಕರ್ಣ ತೇರುಬೀದಿ

ನಾನು ಈ ಆಟಗಳನ್ನು ಜಾಸ್ತಿ ಆಡಿದವನಲ್ಲ. ಆದರೆ ತ್ಸುಶಿಮಾ ದ್ವೀಪದ ಸುದ್ದಿ ಓದಿಕೊಂಡು ಬಂದಿದ್ದೇನೆ, ಅದನ್ನು ಇಲ್ಲಿ ಹೇಳಲೇಬೇಕು.

ಆ ದ್ವೀಪದಲ್ಲಿ ವತಾತ್ಸುಮಿ ಅಂತ ಒಂದು ಗುಡಿ ಇದೆ, ಸಮುದ್ರದೊಳಗೆ ನಿಂತ ತೋರಿಯಿ ದ್ವಾರಗಳ ಗುಡಿ. 2020ರ ಸೆಪ್ಟೆಂಬರಿನ ಚಂಡಮಾರುತಕ್ಕೆ ಒಂದು ದ್ವಾರ ಕುಸಿಯಿತು. ಅದನ್ನು ಮತ್ತೆ ಎತ್ತಲು ಅರ್ಚಕರು ಜನರ ಸಹಾಯ ಕೇಳಿದಾಗ ಆಟದ ಅಭಿಮಾನಿಗಳು ಎಲ್ಲೆಲ್ಲಿಂದಲೋ ದುಡ್ಡು ಕಳಿಸಿದರು. ಕೇಳಿದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಬಂತು. 2021ರಲ್ಲಿ ಆಟದ ಇಬ್ಬರು ನಿರ್ದೇಶಕರನ್ನು ತ್ಸುಶಿಮಾದವರು ತಮ್ಮ ಊರಿನ ಪ್ರವಾಸಿ ರಾಯಭಾರಿಗಳನ್ನಾಗಿ ಮಾಡಿಕೊಂಡರು. ಇಷ್ಟು ಓದಿದಾಗ ಮನಸ್ಸು ತುಂಬಿ ಬಂತು. ಆದರೆ 2025ರ ಮಾರ್ಚ್‌ನಲ್ಲಿ ಅದೇ ಗುಡಿಯವರು ಪ್ರವಾಸಿಗರಿಗೆ ಪ್ರವೇಶ ಇಲ್ಲ, ಪೂಜೆಗೆ ಬರುವವರಿಗೆ ಮಾತ್ರ ಅಂತ ಹೇಳಿಬಿಟ್ಟರು. ಬಂದವರ ನಡವಳಿಕೆ ಸಹಿಸಲು ಆಗಲಿಲ್ಲ ಅಂತ.

ನಮ್ಮ ಊರಿನಲ್ಲಿ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಆಟ ಜನರನ್ನು ಒಂದು ಜಾಗಕ್ಕೆ ಕರೆತರುತ್ತದೆ. ಆ ಜಾಗದಲ್ಲಿ ಹೇಗೆ ಇರಬೇಕು ಅನ್ನುವುದನ್ನೂ ಅದು ಸ್ವಲ್ಪ ಕಲಿಸಲಿ. ತ್ಸುಶಿಮಾದಲ್ಲಿ ಗುಡಿಯ ಮುಂದೆ ತಲೆಬಾಗುವುದಕ್ಕೂ ಒಂದು ಅವಕಾಶ ಇತ್ತು ಅಂತ ಇಲ್ಲಿ ಓದಿ ಸಂತೋಷವಾಯಿತು. ಯೋತೇಯಲ್ಲಿ ಅದು ಇನ್ನೂ ಹೆಚ್ಚಿರಲಿ.

ಕೂರ್ಮಗಡ (ಕಾರವಾರ)

ಎಲ್ಲರ ಮಾತೂ ಓದಿದೆ. ಅಂಕೋಲೆಯವರ ಪ್ರಶ್ನೆಗೆ ನನ್ನ ಹತ್ತಿರ ಒಂದು ಸಣ್ಣ ಭರವಸೆ ಇದೆ. ಅದರ ಹೆಸರು ಇಕಿ.

2021ರ ಆಗಸ್ಟ್‌ನಲ್ಲಿ ತ್ಸುಶಿಮಾಕ್ಕೆ ಇಕಿ ದ್ವೀಪದ ಹೊಸ ಭಾಗ ಸೇರಿಸಿದರು. ತುಂಬಾ ಜನ ಅದನ್ನು ಆಡಿಲ್ಲ, ಆಡದೆ ಬಿಡಬೇಡಿ. ಅಲ್ಲಿ ಜಿನ್ ಕಾಲಿಟ್ಟ ಕೂಡಲೇ ಯಾರೂ ಅವನನ್ನು ಕಾಪಾಡಲು ಬಂದವನು ಅಂತ ಅಪ್ಪಿಕೊಳ್ಳುವುದಿಲ್ಲ. ಅವನ ಅಪ್ಪ ಮೊದಲೇ ಇಕಿಗೆ ದಂಡು ತಂದು ಜನರನ್ನು ಕಡಿದಿದ್ದ. ಸಕಾಯ್ ಅಂದರೆ ಅಲ್ಲಿ ಕಟುಕನ ಹೆಸರು. ಜಿನ್ ತಾನು ಯಾರು ಅಂತ ಬಾಯಿಬಿಡಲು ಹೆದರುತ್ತಾನೆ. ದೊಡ್ಡ ದ್ವೀಪದಲ್ಲಿ ಗೌರವ, ಮಾನ ಅಂತ ಹೇಳಿಕೊಂಡು ಬಂದದ್ದೆಲ್ಲ ಸಣ್ಣ ದ್ವೀಪದವರ ಕಣ್ಣಿಗೆ ಬೇರೆಯೇ ಕಾಣುತ್ತದೆ. ತಮ್ಮ ನಾಯಕನ ಮನೆತನವನ್ನೇ ಹೀಗೆ ಪ್ರಶ್ನೆ ಮಾಡುವ ಧೈರ್ಯ ಈ ಸ್ಟುಡಿಯೋದವರಿಗೆ ಇದೆ. ಇಕಿ ಬರೆದ ಕೈಗಳು ಎಝೋ ಬರೆದರೆ ಐನುಗಳು ಬೇಡ ಅನ್ನುವುದೂ ಇರುತ್ತದೆ, ಕೇಳುವುದೂ ಇರುತ್ತದೆ. ಹಾಗಾಗಿಯೇ ನಾನು ಇನ್ನೂ ಕಾಯುತ್ತಿದ್ದೇನೆ.

ಒಂದೇ ಭಯ. ಜಿನ್ ಒಳಗೆ ಜಗಳ ಇತ್ತು, ಸೋದರಮಾವನ ಜೊತೆ, ತನ್ನ ಜೊತೆ. ಹೊಂಚು ಹಾಕಿ ಕೊಂದ ಪ್ರತಿ ಸಲವೂ ಅವನಿಗೆ ಏನೋ ಕಳೆದುಹೋಗುತ್ತಿತ್ತು. ಅತ್ಸು ಮೊದಲ ದಿನದಿಂದಲೇ ಕೊಲ್ಲಲು ಬಂದವಳು. ಅವಳಿಗೆ ಕಳೆದುಕೊಳ್ಳಲು ಏನಿದೆ ಅನ್ನುವುದನ್ನು ಕಥೆ ಬೇಗ ತೋರಿಸಬೇಕು. ಮನೆಯ ಅಂಗಳದಲ್ಲಿ ನಿಂತು ಗುಂಡಿ ಒತ್ತಿದರೆ ಅದೇ ಜಾಗ ಅವಳ ಬಾಲ್ಯಕ್ಕೆ ಬದಲಾಗುತ್ತದೆ ಅಂತ ತೋರಿಸಿದ್ದಾರೆ. ಅಮ್ಮನಿಂದ ಬಂದ ಶಾಮಿಸೆನ್ ವಾದ್ಯ ಅವಳ ಬೆನ್ನಿಗಿದೆ. ದಾರಿ ಅಂಥ ಕಡೆಯಿಂದ ತೆರೆದರೆ ಸರಿ.

ಬೈತಖೋಲ್ ಬಂದರು

ಜಪಾನಿ ಸಿನಿಮಾ ನಿರ್ದೇಶಕರ ಹೆಸರಿನ ಮೋಡ್‌ಗಳ, ಅಂದರೆ ಆಟ ಕಾಣುವ ಕೇಳಿಸುವ ಬಗೆಗಳ, ವಿಷಯ ಯಾರೂ ಎತ್ತಲಿಲ್ಲ. ಕಪ್ಪು ಬಿಳುಪಿನ ಕುರೋಸಾವಾ ಮೋಡ್ ಈ ಸಲವೂ ಇದೆ. ಮಿಯಿಕೆ ಮೋಡ್‌ನಲ್ಲಿ ಕ್ಯಾಮೆರಾ ಹತ್ತಿರ, ಕೆಸರು ರಕ್ತ ಜಾಸ್ತಿ. ವತನಾಬೆ ಮೋಡ್‌ನಲ್ಲಿ ಲೋ-ಫೈ ಸಂಗೀತ. ನಾನು ಮೊದಲು ಯಾವುದೂ ಹಾಕದೆ ಆಡುತ್ತೇನೆ, ಹೊಕ್ಕೈಡೋದ ಬಣ್ಣ ನೋಡಬೇಕು.

ಯಲ್ಲಾಪುರ ರಸ್ತೆ

ಮಾತು ಜಪಾನಿ ಭಾಷೆಯಲ್ಲಿ ಇಟ್ಟರೆ ತುಟಿ ಹೊಂದುತ್ತದಾ? ತ್ಸುಶಿಮಾದ ಮೊದಲ ಆವೃತ್ತಿಯಲ್ಲಿ ತುಟಿ ಇಂಗ್ಲಿಷಿಗೆ ಮಾತ್ರ ಅಲ್ವಾ?

ಘಟ್ಟದ ಮೇಲೆ (ಶಿರಸಿ)

ಪಿಎಸ್4ನಲ್ಲಿ ಹಾಗಿತ್ತು. 2021ರ ಪಿಎಸ್5 ಆವೃತ್ತಿಯಲ್ಲಿ ಜಪಾನಿ ಮಾತಿಗೂ ತುಟಿ ಹೊಂದಿಸಿದರು. ಯೋತೇ ಪಿಎಸ್5ಗೇ ಮಾಡಿದ್ದು, ಹಾಗಾಗಿ ಆ ತೊಂದರೆ ಇರಲಿಕ್ಕಿಲ್ಲ. ನಾನಂತೂ ಜಪಾನಿಯಲ್ಲೇ ಆಡುವುದು.

ಬೈತಖೋಲ್ ಬಂದರು

ನಾನು ಡಿಸ್ಕ್ ತಗೊಳ್ಳುತ್ತೇನೆ, ಮಡಗಾಂವಿನ ಅಂಗಡಿಯಲ್ಲಿ ಮುಂಗಡ ಕೊಟ್ಟಾಗಿದೆ. ನನ್ನದು ಮುಗಿದ ಮೇಲೆ ಅಂಕೋಲೆಗೆ ಕಳಿಸುತ್ತೇನೆ, ಅಲ್ಲಿಂದ ಯಲ್ಲಾಪುರಕ್ಕೆ ಹೋಗಲಿ. ಕುಮಟಾ ತಮ್ಮಾ, ನಿನ್ನ ಹತ್ತಿರ ಪಿಎಸ್5 ಇಲ್ಲದಿದ್ದರೆ ರಜೆಯಲ್ಲಿ ಇಲ್ಲಿಗೇ ಬಾ, ಇಲ್ಲೇ ಆಡು. ಬೇರೆ ಯಾರಿಗೆ ಡಿಸ್ಕ್ ಬೇಕೋ ಕೆಳಗೆ ಊರಿನ ಹೆಸರು ಹಾಕಿ.